ಕರ್ತೃವಿಲ್ಲದ ಕ್ರೌರ್ಯ

ದಿನಪತ್ರಿಕೆಯ ವಾಣಿಜ್ಯಪುಟದ ಒಂದು ಮೂಲೆಯಲ್ಲಿ, ಅಡಿಕೆ ಕೊಬ್ಬರಿ ಮೆಣಸುಗಳ ಧಾರಣೆಯ ಆಸುಪಾಸಿನಲ್ಲಿ, ಮೊಟ್ಟೆಯ ದರವೂ ಅಚ್ಚಾಗುವ ರೂಢಿಯುಂಟು: ಮೈಸೂರಿನಲ್ಲಿ ನೂರಕ್ಕೆ ಇಷ್ಟು, ಹೊಸಪೇಟೆಯಲ್ಲಿ ಇಷ್ಟು, ನಾಮಕ್ಕಲ್ಲಿನಲ್ಲಿ ಇಷ್ಟು ಎಂದು. ಆ ಅಂಕಿಗಳನ್ನು ಕಂಡು ವ್ಯಾಪಾರಿಯು ತನ್ನ ಲಾಭನಷ್ಟವನ್ನು ಎಣಿಸುತ್ತಾನೆ, ಗೃಹಿಣಿಯು ತಿಂಗಳ ಖರ್ಚನ್ನು ಎಣಿಸುತ್ತಾಳೆ. ಆದರೆ ಆ ನೂರು ಮೊಟ್ಟೆಗಳಲ್ಲಿ ಪ್ರತಿಯೊಂದೂ ಒಂದು ಜೀವಂತ ಶರೀರದೊಳಗೆ, ಆ ಶರೀರದ ಮೂಳೆಯ ಸುಣ್ಣವನ್ನು ಕರಗಿಸಿಕೊಂಡು, ಒಂದು ಹಗಲು ಒಂದು ಇರುಳಿನಷ್ಟು ಕಾಲದಲ್ಲಿ ರೂಪುಗೊಂಡು ಬಂದಿತೆಂಬ ಸಂಗತಿಯು ಯಾರ ಎಣಿಕೆಗೂ ಸಿಕ್ಕುವುದಿಲ್ಲ. ಒಂದು ಪ್ರಾಣಿಯು ಹೀಗೆ ತಾನಿತ್ತ ವಸ್ತುವಿನ ಹಿಂದೆ ಸಂಪೂರ್ಣವಾಗಿ ಮರೆಯಾಗಿ ಹೋಗಬೇಕಾದರೆ ನಮ್ಮ ಮನಸ್ಸಿನಲ್ಲಿ ಎಂತಹ ಏರ್ಪಾಟು ನಡೆದಿರಬೇಕೆಂಬುದು ವಿಚಾರ ಮಾಡತಕ್ಕ ವಿಷಯ.

ಈ ಏರ್ಪಾಟಿಗೆ ಹೆಸರು ಕೊಟ್ಟವನು ರಿಚರ್ಡ್ ರೈಡರ್ ಎಂಬ ಆಂಗ್ಲ ಮನೋವಿಜ್ಞಾನಿ. ಪ್ರಾಣಿಗಳನ್ನು ಬಳಸುವ ಪ್ರಯೋಗಶಾಲೆಗಳೊಳಗೆ ತಾನೇ ಕೆಲಸಮಾಡಿ, ಅಲ್ಲಿ ಕಂಡುದರಿಂದ ಮನಸ್ಸು ನೊಂದು ಹೊರಬಂದ ಈತನು 1970ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಕರಪತ್ರವನ್ನು ಅಚ್ಚುಹಾಕಿಸಿ ಹಂಚಿದನು. ಬಿಳಿಯ ಬಣ್ಣದವನು ಕರಿಯ ಬಣ್ಣದವನನ್ನು ಬಣ್ಣದ ಕಾರಣದಿಂದ ಮಾತ್ರವೇ ಕೀಳೆಂದೆಣಿಸುವುದು ಹೇಗೆ ಅನ್ಯಾಯವೋ, ಹಾಗೆಯೇ ಒಂದು ಜೀವಿಯು ಮನುಷ್ಯಕುಲಕ್ಕೆ ಸೇರಿಲ್ಲವೆಂಬ ಒಂದೇ ನೆವದಿಂದ ಅದರ ನೋವನ್ನು ಲೆಕ್ಕಕ್ಕಿಡದಿರುವುದೂ ಅನ್ಯಾಯವೆಂದು ಅದರಲ್ಲಿ ವಾದಿಸಿ, ಆ ಮನೋವೃತ್ತಿಯನ್ನು ‘ಸ್ಪೀಷಿಸಿಸಂ’ ಎಂದು ಕರೆದನು. ನಾವು ಅದನ್ನು ಪ್ರಭೇದಪಕ್ಷಪಾತವೆನ್ನಬಹುದು. ಆ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಕ್ಕಾಗಿ ಬಂದಿದ್ದ ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ತರುಣ ತತ್ತ್ವಜ್ಞನು ಆ ವಿಚಾರವನ್ನು ಕೈಗೆತ್ತಿಕೊಂಡು, 1975ರಲ್ಲಿ ‘ಆನಿಮಲ್ ಲಿಬರೇಶನ್’ ಎಂಬ ಗ್ರಂಥವನ್ನು ಬರೆದು, ಅದನ್ನು ಲೋಕದ ಓದುಗರೆಲ್ಲರ ಮುಂದಿಟ್ಟನು.

ಸಿಂಗರನ ವಾದವನ್ನು ಅನೇಕರು ತಪ್ಪಾಗಿ ಗ್ರಹಿಸುವುದುಂಟು. ಮನುಷ್ಯನೂ ಕೋಳಿಯೂ ಸರ್ವಥಾ ಸಮಾನರೆಂದಾಗಲಿ, ಇಬ್ಬರಿಗೂ ಒಂದೇ ಬಗೆಯ ಹಕ್ಕುಗಳು ಸಲ್ಲಬೇಕೆಂದಾಗಲಿ ಅವನು ಹೇಳಲಿಲ್ಲ. ಹಂದಿಗೆ ಮತದಾನದ ಹಕ್ಕಿನಿಂದ ಆಗಬೇಕಾದುದೇನೂ ಇಲ್ಲವೆಂಬುದು ಅವನಿಗೂ ಗೊತ್ತು. ಅವನು ಹೇಳಿದುದಿಷ್ಟೆ: ಎರಡು ಜೀವಿಗಳಿಗೆ ಒಂದೇ ಪರಿಮಾಣದ ನೋವಾಗುತ್ತಿದ್ದರೆ, ಆ ನೋವು ಯಾರ ಶರೀರದಲ್ಲಿ ಉಂಟಾಯಿತೆಂಬುದನ್ನು ನೋಡಿಕೊಂಡು ಒಂದಕ್ಕೆ ಬೆಲೆಯನ್ನೂ ಮತ್ತೊಂದಕ್ಕೆ ಶೂನ್ಯವನ್ನೂ ಕೊಡಲಾಗದು. ಅವನಿಗಿಂತ ಸುಮಾರು ಎರಡು ಶತಮಾನಗಳಷ್ಟು ಮೊದಲೇ, 1789ರಲ್ಲಿ ಪ್ರಕಟವಾದ ತನ್ನ ನೀತಿಶಾಸ್ತ್ರದ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಜೆರೆಮಿ ಬೆಂಥಮ್ಮನು, ಪ್ರಾಣಿಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯು ಅವಕ್ಕೆ ಬುದ್ಧಿಯುಂಟೆ ಮಾತುಂಟೆ ಎಂಬುದಲ್ಲ, ಅವು ದುಃಖವನ್ನು ಅನುಭವಿಸಬಲ್ಲವೆ ಎಂಬುದೇ ಎಂದು ಸೂಚಿಸಿದ್ದನು. ಬುದ್ಧಿಯೇ ಅಳತೆಗೋಲಾದರೆ ಹಾಲುಹಸುಳೆಯೂ ಬುದ್ಧಿಭ್ರಮಣೆಗೊಳಗಾದ ವೃದ್ಧರೂ ಆ ಕೋಲಿನ ಕೆಳಗೆ ಬೀಳುತ್ತಾರೆ. ಅವರನ್ನು ನಾವು ಕೈಬಿಡುವುದಿಲ್ಲ, ಬಿಡಕೂಡದು ಕೂಡ. ಹಾಗಿದ್ದಮೇಲೆ ನಮ್ಮ ಕರುಣೆಗೆ ನಿಜವಾದ ಆಧಾರವು ಬುದ್ಧಿಯಲ್ಲವೆಂದೂ, ಪ್ರಾಣಿಗಳ ವಿಷಯ ಬಂದಾಗ ಮಾತ್ರ ಬುದ್ಧಿಯ ನೆವವನ್ನು ನಾವು ಮುಂದುಮಾಡುತ್ತೇವೆಂದೂ ಒಪ್ಪಿಕೊಳ್ಳದೆ ಬೇರೆ ದಾರಿ ನನಗೆ ತೋರದು.

ಈ ತತ್ತ್ವವನ್ನು ಪರೀಕ್ಷಿಸಿ ನೋಡುವುದಕ್ಕೆ ಆನೆಯನ್ನೋ ಆಕಳನ್ನೋ ನಾಯಿಯನ್ನೋ ತೆಗೆದುಕೊಂಡರೆ ನಮ್ಮ ಪ್ರೀತಿಯೇ ಅಡ್ಡ ಬರುತ್ತದೆ. ಯಾರ ದೃಷ್ಟಿಯಲ್ಲಿಯೂ ಪೂಜ್ಯವಲ್ಲದ, ಯಾರ ಮಡಿಲಿನ ಮುದ್ದೂ ಅಲ್ಲದ, ಆದರೆ ಸಂಖ್ಯೆಯಲ್ಲಿ ಮಿಕ್ಕ ಸಾಕುಪ್ರಾಣಿಗಳೆಲ್ಲವನ್ನೂ ಮೀರಿದ ಕೋಳಿಯನ್ನೇ ತೆಗೆದುಕೊಳ್ಳುವುದು ಉಚಿತ. ಜಗತ್ತಿನಲ್ಲಿ ವರ್ಷವೊಂದಕ್ಕೆ 7000 ಕೋಟಿಗೂ ಮಿಗಿಲಾದ ಕೋಳಿಗಳು ಆಹಾರಕ್ಕಾಗಿ ಹತವಾಗುತ್ತವೆ. ಭೂಮಿಯ ಮೇಲೆ ಬದುಕಿರುವ ಮನುಷ್ಯರ ಸಂಖ್ಯೆಯ ಎಂಟು ಒಂಬತ್ತು ಪಾಲಿನಷ್ಟು.

ಈ ಹಕ್ಕಿಯು ಕಾಡಿನಿಂದ ಬಂದುದು. ಆಗ್ನೇಯ ಏಷ್ಯದ ಬಿದಿರುಮೆಳೆಗಳಲ್ಲಿ ಇಂದಿಗೂ ಬಾಳುತ್ತಿರುವ ಕೆಂಪು ಕಾಡುಕೋಳಿಯೇ ಇದರ ಮೂಲಪುರುಷ; ಜನರು ಬತ್ತವನ್ನೂ ನವಣೆಯನ್ನೂ ಬೆಳೆಯತೊಡಗಿದಾಗ, ಚೆಲ್ಲಿದ ಕಾಳನ್ನು ಅರಸಿಕೊಂಡು ಅದು ಊರಂಚಿಗೆ ಬಂದಿತೆಂದೂ, ಹೀಗೆ ಬಂದು ಸುಮಾರು ಮೂರೂವರೆ ಸಾವಿರ ವರ್ಷಗಳಾದುವೆಂದೂ ಈಚಿನ ವಿದ್ವಾಂಸರು ಊಹಿಸುತ್ತಾರೆ. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ, ಮುಂಜಾವಿನ ಮಂಜಿನಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಗೂ ಈ ವಂಶದಲ್ಲಿ ಪಾಲುಂಟು: ಫಾರಂ ಕೋಳಿಯ ಹಳದಿಯ ಕಾಲು ಮತ್ತು ಹಳದಿಯ ಚರ್ಮಕ್ಕೆ ಕಾರಣವಾದ ಆನುವಂಶಿಕ ಗುಣವು ಕೆಂಪು ಕಾಡುಕೋಳಿಯಿಂದಲ್ಲ, ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದಲೇ ಬಂದಿತೆಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟರು. ನಾಟಿ ಕೋಳಿಯನ್ನು ಸಾಕಿದ ಹಳ್ಳಿಯವರಿಗೆ ಅದರ ಸ್ವಭಾವವು ಚೆನ್ನಾಗಿ ಗೊತ್ತು. ಬೆಳಗಿನಿಂದ ಬೈಗಿನವರೆಗೆ ತಿಪ್ಪೆಯನ್ನು ಕೆದಕುವುದು, ಬಿಸಿಲು ಬಲಿತಾಗ ಧೂಳಿನಲ್ಲಿ ಹೊರಳಿ ರೆಕ್ಕೆಪುಕ್ಕಗಳನ್ನು ಒದರಿಕೊಳ್ಳುವುದು, ಕತ್ತಲಾಗುತ್ತಲೇ ಎತ್ತರವಾದ ಕೊಂಬೆಯನ್ನು ಹುಡುಕಿಕೊಳ್ಳುವುದು, ಮೊಟ್ಟೆಯಿಡುವ ಹೊತ್ತು ಬಂದಾಗ ಮರೆಯಾದ ಮೂಲೆಗಾಗಿ ಪರದಾಡುವುದು, ಮರಿಗಳನ್ನು ಕರೆದುಕೊಂಡು ತಿರುಗುವಾಗ ಹದ್ದಿನ ನೆರಳು ಕಂಡರೆ ಒಂದು ಬಗೆಯ ಕೂಗು, ಕಾಳು ಕಂಡರೆ ಮತ್ತೊಂದು ಬಗೆಯ ಕೂಗು. ಹಿಂಡಿನಲ್ಲಿ ಯಾವ ಕೋಳಿಯು ಯಾವುದಕ್ಕೆ ದಾರಿ ಬಿಡಬೇಕೆಂಬ ಕ್ರಮವೊಂದಿದೆಯೆಂದು ನಾರ್ವೆಯ ಶೆಲ್ಡೆರಪ್ ಎಬ್ಬೆ ಎಂಬಾತನು 1921ರಲ್ಲಿ ಬರೆದನು. ಒಂದೊಂದು ಕೋಳಿಯೂ ತನ್ನ ಸಂಗಾತಿಗಳ ಮುಖವನ್ನು ಬೇರೆ ಬೇರೆಯಾಗಿ ಗುರುತಿಸಿ ನೆನಪಿಡದೆ ಅಂತಹ ಕ್ರಮವು ಉಳಿಯಲಾರದು. ಮರಿಗೆ ಸ್ವಲ್ಪ ತೊಂದರೆಯಾದುದನ್ನು ನೋಡಿದಮಾತ್ರದಿಂದಲೇ ತಾಯಿಕೋಳಿಯ ಎದೆಬಡಿತವು ತೀವ್ರವಾಗುವುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ಅಜ್ಜಿಯರು ಅಳೆಯದೆಯೇ ಇದನ್ನು ಬಲ್ಲವರಾಗಿದ್ದರು.

ಈಗ ಈ ಹಕ್ಕಿಯನ್ನು ನಾವು ಏನು ಮಾಡಿದೆವು ಎಂಬುದನ್ನು ನೋಡಬೇಕು. ಕಾಡಿನ ಹೇಂಟೆಯು ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟು, ಕಾವು ಕೂತು, ಮರಿಮಾಡುತ್ತದೆ. ಇಂದಿನ ಲೇಯರ್ ತಳಿಯ ಕೋಳಿಯು ವರ್ಷಕ್ಕೆ ಸುಮಾರು 300 ಮೊಟ್ಟೆಗಳನ್ನಿಡುತ್ತದೆ, ಕಾವಿಗೆ ಕೂರುವ ಸ್ವಭಾವವನ್ನು ಅದರಿಂದ ಬಹುಮಟ್ಟಿಗೆ ಅಳಿಸಿಹಾಕಲಾಗಿದೆ. ಅಷ್ಟು ಮೊಟ್ಟೆಗಳ ಚಿಪ್ಪಿಗೆ ಬೇಕಾದ ಸುಣ್ಣದ ಒಂದು ಪಾಲು ಅದರ ಮೂಳೆಗಳಿಂದ ಬರಬೇಕಾಗಿ, ಎದೆಯ ಮೂಳೆಯು ಜೊಳ್ಳಾಗಿ ಬಿರುಕುಬಿಡುವುದು ಈ ತಳಿಯಲ್ಲಿ ಸಾಮಾನ್ಯವಾದ ವ್ಯಾಧಿ. ಅದು ವಾಸಿಸುವ ಕಬ್ಬಿಣದ ತಂತಿಯ ಪಂಜರದಲ್ಲಿ ಒಂದೊಂದು ಕೋಳಿಯ ಪಾಲಿಗೆ ಬರುವ ನೆಲವು 450ರಿಂದ 550 ಚದರ ಸೆಂಟಿಮೀಟರಿನಷ್ಟು. ನಾವು ಕಚೇರಿಯಲ್ಲಿ ಅರ್ಜಿ ಬರೆಯುವ ಎ-4 ಕಾಗದದ ಹಾಳೆಯು ಸುಮಾರು 624 ಚದರ ಸೆಂಟಿಮೀಟರು. ಆಕ್ಸ್‌ಫರ್ಡಿನ ಮೇರಿಯನ್ ಡಾಕಿನ್ಸ್ ಎಂಬ ವಿದುಷಿಯು ತನ್ನ ಸಹೋದ್ಯೋಗಿಯೊಡನೆ ಕೋಳಿಗಳ ಚಲನವಲನವನ್ನು ಅಳೆದು 1989ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೋಳಿಯು ಸುಮ್ಮನೆ ನಿಲ್ಲುವುದಕ್ಕೇ ಸುಮಾರು 475, ಹಿಂದಕ್ಕೆ ತಿರುಗುವುದಕ್ಕೆ 1200ಕ್ಕೂ ಹೆಚ್ಚು, ರೆಕ್ಕೆ ಬಡಿಯುವುದಕ್ಕೆ 1800ಕ್ಕೂ ಹೆಚ್ಚು ಚದರ ಸೆಂಟಿಮೀಟರುಗಳು ಬೇಕು. ಎಂದರೆ, ರೆಕ್ಕೆಯನ್ನು ಪಡೆದು ಹುಟ್ಟಿದ ಹಕ್ಕಿಯೊಂದು ಪಂಜರವನ್ನು ಸೇರಿದಂದಿನಿಂದ ಸಾಯುವವರೆಗೆ ಒಮ್ಮೆಯೂ ರೆಕ್ಕೆಯನ್ನು ಬಡಿಯದೆ, ಕಾಲಿನ ಉಗುರುಗಳಿಗೆ ಮಣ್ಣು ಎಂದಿಗೂ ತಾಕದೆ, ಮೊಟ್ಟೆಯಿಡುವ ಹೊತ್ತಿಗೆ ಮರೆಯೊಂದು ಸಿಗದೆ, ಒಂದೂಕಾಲು ಒಂದೂವರೆ ವರ್ಷ ನಿಂತಲ್ಲಿಯೇ ನಿಂತು ತನ್ನ ಕಾಲವನ್ನು ಮುಗಿಸುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕಿ ಕೊಲ್ಲದಿರಲೆಂದು ಅವುಗಳ ಕೊಕ್ಕಿನ ತುದಿಯನ್ನು ಎಳೆಯದರಲ್ಲಿಯೇ ಕತ್ತರಿಸುವರು. ಕೊಕ್ಕೆಂಬುದು ಉಗುರಿನಂತೆ ನಿರ್ಜೀವವಾದುದಲ್ಲ. ನರಗಳಿಂದ ತುಂಬಿದ, ನಮಗೆ ಬೆರಳ ತುದಿಯಿದ್ದಂತೆ ಹಕ್ಕಿಗೆ ಇರುವ ಸ್ಪರ್ಶಾಂಗ.

ಲೇಯರ್ ತಳಿಯ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಅರ್ಧದಷ್ಟು ಹುಂಜಗಳಷ್ಟೆ. ಅವು ಮೊಟ್ಟೆಯಿಡವು, ಮಾಂಸದ ತಳಿಯಷ್ಟು ಬೇಗ ಬೆಳೆಯುವುದೂ ಇಲ್ಲ, ಆದುದರಿಂದ ಅವಕ್ಕೆ ಬೆಲೆಯಿಲ್ಲ. ಹ್ಯಾಚರಿಯ ಪಟ್ಟಿಯ ಮೇಲೆ ಹಳದಿಯ ತುಪ್ಪುಳು ಇನ್ನೂ ಒಣಗುತ್ತಿರುವಾಗಲೇ ಅವನ್ನು ಬೇರ್ಪಡಿಸಿ, ಅನಿಲದಿಂದಲೋ ಅರೆಯುವ ಯಂತ್ರದಿಂದಲೋ ಉಸಿರುಕಟ್ಟಿಸಿಯೋ ಕೊಲ್ಲುತ್ತಾರೆ. ಜಗತ್ತಿನಲ್ಲಿ ಹೀಗೆ ಒಂದು ದಿನದ ಆಯುಸ್ಸಿನಲ್ಲಿ ಮುಗಿದುಹೋಗುವ ಮರಿಗಳ ಸಂಖ್ಯೆಯು ವರ್ಷಕ್ಕೆ 600 ಕೋಟಿಗೂ ಮೇಲೆಂದು ಅಂದಾಜು. ಮೊಟ್ಟೆಯನ್ನು ತಿನ್ನುವುದರಿಂದ ಪ್ರಾಣಹಾನಿಯಿಲ್ಲವೆಂದು ತಿಳಿದಿರುವ ಸಜ್ಜನರಿಗೆ ಈ ಸಂಗತಿಯು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಮಾಂಸಕ್ಕಾಗಿ ಬೆಳೆಸುವ ಬ್ರಾಯ್ಲರಿನ ಕಥೆಯು ಬೇರೆ ಬಗೆಯದು. ಅದಕ್ಕೆ ಪಂಜರವು ಹೊರಗಿಲ್ಲ, ಅದರ ಶರೀರವೇ ಪಂಜರ. ಕೆನಡದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರವನ್ನು ಕೊಟ್ಟು ಅಕ್ಕಪಕ್ಕದಲ್ಲಿ ಬೆಳೆಸಿ ನೋಡಿದರು: 56 ದಿನಗಳಾದಾಗ ಹಳೆಯ ತಳಿಯ ಕೋಳಿಯು 905 ಗ್ರಾಮು ತೂಗಿದರೆ, ಹೊಸದು 4202 ಗ್ರಾಮು ತೂಗಿತು. ಅದೇ ದಿನಗಳು, ಅದೇ ಕಾಳು, ನಾಲ್ಕು ಪಾಲಿಗೂ ಹೆಚ್ಚಿನ ಭಾರ. ಮಾಂಸವು ಬೆಳೆದ ವೇಗದಲ್ಲಿ ಮೂಳೆಯೂ ಹೃದಯವೂ ಬೆಳೆಯಲಾರವಾದುದರಿಂದ ಅನೇಕವು ಕುಂಟುತ್ತವೆ. ಈ ಕುಂಟುವಿಕೆಯು ನೋವಿನದೋ ಅಥವಾ ಬರಿಯ ಯಾಂತ್ರಿಕ ದೋಷವೋ ಎಂಬ ಸಂದೇಹವನ್ನು ಪರಿಹರಿಸಲು ನಡೆದು, 2000ದಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಪ್ರಯೋಗವು ನನ್ನ ಮನಸ್ಸನ್ನು ಬಹುವಾಗಿ ಕಲಕಿದೆ. ಎರಡು ಬಣ್ಣದ ಆಹಾರವನ್ನು ಕೋಳಿಗಳ ಮುಂದಿಟ್ಟು, ಒಂದರಲ್ಲಿ ನೋವು ಕಳೆಯುವ ಔಷಧವನ್ನು ಬೆರೆಸಿದ್ದರು. ಆರೋಗ್ಯವಾಗಿದ್ದ ಕೋಳಿಗಳಿಗಿಂತ ಕುಂಟುವ ಕೋಳಿಗಳು ಔಷಧದ ಆಹಾರವನ್ನೇ ಹೆಚ್ಚಾಗಿ ಆರಿಸಿಕೊಂಡವು. ಕುಂಟು ಹೆಚ್ಚಿದಷ್ಟೂ ಅವು ತಿಂದ ಔಷಧದ ಪ್ರಮಾಣವೂ ಹೆಚ್ಚಿತು. ಅದನ್ನು ತಿಂದಮೇಲೆ ಅವುಗಳ ನಡಿಗೆಯೂ ಸುಧಾರಿಸಿತು. ಮಾತು ಬಾರದ ಪ್ರಾಣಿಯು ತನ್ನ ನೋವಿಗೆ ತಾನೇ ಸಾಕ್ಷಿ ಹೇಳಿದ ಸಂದರ್ಭವಿದು, ಮತ್ತು ಆ ಸಾಕ್ಷಿಯನ್ನು ತಿರಸ್ಕರಿಸಲು ಯಾವ ನ್ಯಾಯಾಧೀಶನಿಗೂ ಕಾರಣ ಕಾಣದು. ಪ್ರಾಣಿಯೆಂಬುದು ಗಡಿಯಾರದಂತಹ ಯಂತ್ರ, ಅದರ ಕೂಗು ಕೀಲಿನ ಸದ್ದು ಎಂದು ಹದಿನೇಳನೆಯ ಶತಮಾನದಲ್ಲಿ ತತ್ತ್ವಜ್ಞನಾದ ಡೆಕಾರ್ಟನ ಅನುಯಾಯಿಗಳು ನಂಬಿದ್ದರಷ್ಟೆ. ಇಂದು ಆ ಮತವನ್ನು ಬಾಯಲ್ಲಿ ಹೇಳುವವರು ವಿದ್ವಾಂಸರಲ್ಲಿ ಅತಿ ವಿರಳ. ಆದರೆ ಹೇಳುವುದನ್ನು ಬಿಟ್ಟು ಕಟ್ಟುವುದನ್ನು ಕಲಿತೆವು: ಕೋಳಿಯು ಯಂತ್ರವೆಂದು ಒಪ್ಪದೆಯೇ ಯಂತ್ರಕ್ಕೆ ತಕ್ಕ ಮನೆಯನ್ನು ಅದಕ್ಕೆ ಕಟ್ಟಿಕೊಟ್ಟೆವು. 1964ರಲ್ಲಿ ಇದೇ ವಿಷಯವನ್ನು ಕುರಿತು ಬರೆದ ತನ್ನ ಪುಸ್ತಕಕ್ಕೆ ಇಂಗ್ಲೆಂಡಿನ ರೂತ್ ಹ್ಯಾರಿಸನ್ ‘ಆನಿಮಲ್ ಮಷೀನ್ಸ್’ ಎಂದು ಹೆಸರಿಟ್ಟಳು. ಅದು ಎಬ್ಬಿಸಿದ ಕಳವಳದಿಂದ ಸರಕಾರವು ಬ್ರಾಂಬೆಲ್ ಸಮಿತಿಯನ್ನು ನೇಮಿಸಬೇಕಾಯಿತು. ಸಾಕುಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ಓರಣಮಾಡಿಕೊಳ್ಳಲು, ಅಂಗಾಂಗಗಳನ್ನು ಚಾಚಲು ಸ್ವಾತಂತ್ರ್ಯವಿರಬೇಕೆಂದು ಆ ಸಮಿತಿಯು 1965ರಲ್ಲಿ ಹೇಳಿತು. ಇದಕ್ಕಿಂತ ಕಡಮೆಯಾದುದನ್ನು ಬೇಡುವುದು ಸಾಧ್ಯವೇ ಎಂದು ನಾನು ಯೋಚಿಸಿದ್ದೇನೆ.

ಈ ವಿಚಾರವೆಲ್ಲ ಪಶ್ಚಿಮದಿಂದ ಬಂದುದು, ನಮ್ಮ ನೆಲಕ್ಕೆ ಅನ್ಯವಾದುದು ಎಂದು ಹೇಳುವವರು ತಮ್ಮ ನೆಲವನ್ನು ಸರಿಯಾಗಿ ನೋಡಿಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಕೊರೆಯಿಸಿದ ಶಾಸನವು ತಂದೆತಾಯಿಗಳ ಸೇವೆ ಮತ್ತು ಸತ್ಯವಚನಗಳ ಜೊತೆಯಲ್ಲಿಯೇ ಪ್ರಾಣಿಗಳ ವಿಷಯದಲ್ಲಿನ ದಯೆಯನ್ನೂ ಧರ್ಮವೆಂದು ವಿಧಿಸುತ್ತದೆ. ಅದೇ ಸಾಮ್ರಾಟನು ತನ್ನ ಆಳಿಕೆಯ ಇಪ್ಪತ್ತಾರನೆಯ ವರ್ಷದ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಉದ್ದವಾದ ಪಟ್ಟಿಯನ್ನು ಕೊಟ್ಟು, ಹುಂಜಗಳ ಬೀಜವನ್ನು ಒಡೆಯಬಾರದೆಂದೂ ಆಜ್ಞಾಪಿಸಿದನು. ಇಪ್ಪತ್ತಮೂರು ಶತಮಾನಗಳ ಹಿಂದೆ ಚಕ್ರವರ್ತಿಯೊಬ್ಬನು ಕೋಳಿಯ ಶರೀರದ ಮೇಲೆ ನಡೆಯುವ ಹಿಂಸೆಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಷೇಧಿಸುವಷ್ಟರ ಮಟ್ಟಿಗೆ ಗಮನಿಸಿದ್ದನೆಂಬುದು ಸಣ್ಣ ಮಾತಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಕಾಶಿಯ ವರ್ತಕನಾದ ತುಲಾಧಾರನು ಜಾಜಲಿಯೆಂಬ ತಪಸ್ವಿಗೆ, ಎತ್ತುಗಳ ಬೀಜವೊಡೆದು ಮೂಗನ್ನು ಚುಚ್ಚಿ ಭಾರ ಹೊರಿಸುವವರ ಧರ್ಮವನ್ನು ಪ್ರಶ್ನಿಸುತ್ತಾನೆ. ಜೈನರು ಜೀವಗಳನ್ನು ವಿಂಗಡಿಸಿದುದು ಬುದ್ಧಿಯಿಂದಲ್ಲ, ಇಂದ್ರಿಯಗಳಿಂದ. ಬೆಂಥಮ್ಮನು ಅಡಿಟಿಪ್ಪಣಿಯಲ್ಲಿ ಕೇಳಿದುದು ಅವರ ಶಾಸ್ತ್ರದ ಮೊದಲನೆಯ ಪಾಠ.

ಕನ್ನಡಿಗರಿಗಾದರೋ ಜನ್ನನಿದ್ದಾನೆ. 1209ರಲ್ಲಿ ಅವನು ರಚಿಸಿದ ‘ಯಶೋಧರ ಚರಿತೆ’ಯ ಕಥೆಯು ಒಂದು ಹಿಟ್ಟಿನ ಕೋಳಿಯ ಸುತ್ತ ನಿಂತಿದೆ. ಕೆಟ್ಟ ಕನಸಿನ ನೆವವನ್ನು ಹೇಳಿದ ಮಗನಿಗೆ ತಾಯಿಯಾದ ಚಂದ್ರಮತಿಯು ದೇವಿಗೆ ಪ್ರಾಣಿಬಲಿಯನ್ನು ಕೊಡೆಂದು ಹೇಳುತ್ತಾಳೆ; ಜೀವವಧೆಗೆ ಒಪ್ಪದ ಯಶೋಧರನು ತಾಯಿಯ ಮಾತನ್ನು ಪೂರ್ತಿ ಮೀರಲೂ ಆರದೆ, ಹಿಟ್ಟಿನಲ್ಲಿ ಹುಂಜವೊಂದನ್ನು ಮಾಡಿಸಿ ಅದನ್ನು ಬಲಿಗೊಡುತ್ತಾನೆ. ಯಾವ ಪ್ರಾಣಿಯೂ ಸಾಯಲಿಲ್ಲ. ಆದರೂ ಕೊಲ್ಲುವೆನೆಂಬ ಸಂಕಲ್ಪವು ಕೈಯಲ್ಲಿ ಕತ್ತಿಯನ್ನು ಹಿಡಿದುದರಿಂದ ಆ ಪಾಪವು ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳಲ್ಲಿ ಅಟ್ಟಿಸಿಕೊಂಡು ಹೋಗುತ್ತದೆ: ನವಿಲೂ ನಾಯಿಯೂ ಆಗಿ ಮೊದಲುಗೊಂಡು, ಒಂದು ಜನ್ಮದಲ್ಲಿ ತಾವೇ ಕೋಳಿಗಳಾಗಿ ಹುಟ್ಟಿ, ಹಿಂದಿನ ಜನ್ಮದಲ್ಲಿ ಯಶೋಧರನ ಮಗನೇ ಆಗಿದ್ದ ಅರಸನ ಬಾಣಕ್ಕೆ, ಅವನು ಸದ್ದನ್ನು ಕೇಳಿಯೇ ಗುರಿಹೊಡೆಯುವ ತನ್ನ ಚಾತುರ್ಯವನ್ನು ತೋರಿಸಲು ಬಿಟ್ಟ ಬಾಣಕ್ಕೆ, ಗುರಿಯಾಗಿ ಸಾಯುತ್ತಾರೆ. ಕೊಂದವನು ಕೊಲ್ಲಿಸಿಕೊಂಡವನ ಶರೀರದೊಳಗೆ ಹೊಕ್ಕು ನೋಡುವಂತೆ ಮಾಡುವ ಈ ಕಾವ್ಯಕ್ಕಿಂತ ಆಳವಾಗಿ ಪ್ರಭೇದಪಕ್ಷಪಾತದ ಬೇರನ್ನು ಮುಟ್ಟಿದ ಕೃತಿಯನ್ನು ನಾನು ಅರಿಯೆ.

ಜನ್ನನ ಕಥೆಯನ್ನು ಇಂದಿನ ಸ್ಥಿತಿಯೊಡನೆ ಇಟ್ಟು ನೋಡಿದಾಗ ನಮ್ಮ ಯುಗದ ವಿಶೇಷವು ಸ್ಪಷ್ಟವಾಗುತ್ತದೆ. ಅಲ್ಲಿ ಸಂಕಲ್ಪವಿದ್ದಿತು, ಸತ್ತ ಪ್ರಾಣಿಯಿರಲಿಲ್ಲ. ಇಲ್ಲಿ ಕೋಟಿಕೋಟಿ ಪ್ರಾಣಿಗಳು ಸಾಯುತ್ತವೆ, ಸಂಕಲ್ಪವನ್ನು ಹೊತ್ತವನು ಮಾತ್ರ ಎಲ್ಲಿಯೂ ಕಾಣನು. ಪಂಜರವನ್ನು ಮಾಡಿದ ಕಾರ್ಖಾನೆಯವನಿಗೆ ಕೋಳಿಯ ಮೇಲೆ ಹಗೆಯಿಲ್ಲ. ಸಾಲಮಾಡಿ ಶೆಡ್ಡು ಕಟ್ಟಿ, ಕಂಪನಿಯೊಂದರ ಕರಾರಿನಂತೆ ಮರಿಗಳನ್ನು ಬೆಳೆಸಿಕೊಟ್ಟು, ಕಿಲೋಗಿಷ್ಟೆಂದು ಕೂಲಿ ಪಡೆಯುವ ರೈತನಿಗೆ ತಳಿಯನ್ನಾಗಲಿ ಆಹಾರವನ್ನಾಗಲಿ ಆರಿಸುವ ಅಧಿಕಾರವಿಲ್ಲ. ಕೊಕ್ಕು ಕತ್ತರಿಸುವ ಕೆಲಸದವಳು ದಿನಗೂಲಿಯವಳು. ಲಾರಿಯವನು ಹೊತ್ತಿಗೆ ಸರಿಯಾಗಿ ತಲಪಬೇಕು. ಕೊಂಡು ತಿನ್ನುವವನು ಬೆಲೆಯನ್ನು ಮಾತ್ರ ಕಾಣುತ್ತಾನೆ. ಅನುಶಾಸನಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ, ಹಣಕೊಟ್ಟು ಕೊಳ್ಳುವವನೂ ರುಚಿಗಾಗಿ ಉಣ್ಣುವವನೂ ಕಟ್ಟಿಹಾಕಿ ಕೊಲ್ಲುವವನೂ ಮೂವರೂ ಹಿಂಸಕರೇ ಎಂದು ಬೋಧಿಸುತ್ತಾನೆ; ಹಿಂಸೆಯ ಕರ್ತೃತ್ವವನ್ನು ಹಂಚಿಹಾಕಿ ಮಾಯಮಾಡಲಾಗದೆಂಬುದು ಅವನ ಅಭಿಪ್ರಾಯ. ನಾವು ಆ ಮಾಯೆಯನ್ನು ಸಾಧಿಸಿದ್ದೇವೆ. ಪ್ರಭೇದಪಕ್ಷಪಾತವೆಂದರೆ ಪ್ರಾಣಿಗಳ ಮೇಲಿನ ದ್ವೇಷವೆಂದು ತಿಳಿಯುವುದು ತಪ್ಪು. ಅದಕ್ಕೆ ದ್ವೇಷದ ಅಗತ್ಯವೇ ಇಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಸಣ್ಣ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿಕೊಂಡು ಹೋದರೆ ಸಾಕು.

ನಮ್ಮ ಕಾನೂನಿನಲ್ಲಿಯೂ ಇದರ ನೆರಳು ಬಿದ್ದಿದೆ. ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯ ಸದಸ್ಯೆಯಾಗಿ ಪಟ್ಟುಹಿಡಿದು ನಡೆಸಿದ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಬಂದಿತು. ಆ ಕಾಯಿದೆಯಂತೆ ತುಳುನಾಡಿನ ಕೋಳಿ ಅಂಕವು ಅಪರಾಧ. ಹುಂಜಗಳ ಕಾಲಿಗೆ ಬಾಳೆಂಬ ಸಣ್ಣ ಕತ್ತಿಯನ್ನು ಕಟ್ಟಿ ಕಾದಾಡಿಸುವವರನ್ನು ಪೊಲೀಸರು ಆಗಾಗ ಹಿಡಿಯುವುದುಂಟು, ಹಿಡಿಯಬೇಕಾದುದೇ. ಆದರೆ ಅದೇ ಕಾಯಿದೆಯ 11ನೆಯ ಪ್ರಕರಣವು, ಚಲಿಸಲು ತಕ್ಕಷ್ಟು ಎತ್ತರ ಉದ್ದ ಅಗಲಗಳಿಲ್ಲದ ಪಂಜರದಲ್ಲಿ ಯಾವುದೇ ಪ್ರಾಣಿಯನ್ನಿಡುವುದನ್ನೂ ಅಪರಾಧವೆಂದೇ ಹೇಳುತ್ತದೆ. ಅಂಕದ ಹುಂಜವು ಸಾಯುವ ದಿನದವರೆಗೆ ಅಂಗಳದಲ್ಲಿ ಓಡಾಡಿ, ಒಡೆಯನ ಕೈಯ ಮುದ್ದನ್ನೂ ಒಳ್ಳೆಯ ಕಾಳನ್ನೂ ಉಂಡು ಬೆಳೆದಿರುತ್ತದೆ. ಲೇಯರ್ ಕೋಳಿಗೆ ಅಂತಹ ಒಂದು ದಿನವೂ ಇಲ್ಲ. ಮೊದಲನೆಯದು ಕಣ್ಣಿಗೆ ಬೀಳುವ, ರಕ್ತ ಚೆಲ್ಲುವ, ಹೆಸರು ಹಿಡಿದು ಕರೆಯಬಹುದಾದ ಆರೋಪಿಯಿರುವ ಕ್ರೌರ್ಯ. ಎರಡನೆಯದು ಕಣ್ಣಿಗೆ ಬೀಳದ, ಆರೋಪಿಯೇ ಇಲ್ಲದ ಕ್ರೌರ್ಯ. ಮೊದಲ ಸಲದ ಅಪರಾಧಕ್ಕೆ ಕಾಯಿದೆಯು ವಿಧಿಸಿದ ದಂಡವು 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ಕಳೆದರೂ ಅದು ಬದಲಾಗಲಿಲ್ಲ.

2014ರ ಮೇ ತಿಂಗಳಿನಲ್ಲಿ ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯವು ರೈಡರನ ಪರಿಕಲ್ಪನೆಯನ್ನೇ ಹೆಸರಿಸಿ ಚರ್ಚಿಸಿ, ಪ್ರಾಣಿಗಳಿಗೂ ಹಸಿವೆ, ನೋವು, ಭಯಗಳಿಂದ ಮುಕ್ತವಾಗಿ, ತಮ್ಮ ಸ್ವಭಾವಕ್ಕೆ ತಕ್ಕಂತೆ ಬದುಕುವ ಹಕ್ಕುಂಟೆಂದು ಸಾರಿತು. ಬಳಿಕ ತಮಿಳುನಾಡೂ ಕರ್ನಾಟಕವೂ ತಮ್ಮ ಶಾಸನಗಳನ್ನು ತಿದ್ದಿಕೊಂಡವು. ಕಂಬಳ ಮುಂತಾದವುಗಳ ಪರವಾದ ಆ ತಿದ್ದುಪಡಿಗಳನ್ನು 2023ರಲ್ಲಿ ಸಂವಿಧಾನಪೀಠವು ಎತ್ತಿಹಿಡಿಯಿತು. ಕಂಬಳದ ಕೋಣಗಳ ವಿಷಯದಲ್ಲಿ ಪರವಿರೋಧವಾಗಿ ನಡೆದ ಚರ್ಚೆಯ ನೂರರಲ್ಲಿ ಒಂದು ಪಾಲೂ ಕೋಳಿಯ ವಿಷಯದಲ್ಲಿ ನಡೆದುದನ್ನು ನಾನು ಕಾಣೆ. ಆದರೂ 2012ರಲ್ಲಿ ಪ್ರಾಣಿಕಲ್ಯಾಣ ಮಂಡಲಿಯು ಇಕ್ಕಟ್ಟಿನ ಪಂಜರವು ಕಾಯಿದೆಗೆ ವಿರುದ್ಧವೆಂದು ರಾಜ್ಯಗಳಿಗೆ ಬರೆದಿತ್ತು. 2017ರಲ್ಲಿ ಕಾನೂನು ಆಯೋಗವು ತನ್ನ 269ನೆಯ ವರದಿಯನ್ನು ಪೂರ್ತಿಯಾಗಿ ಕೋಳಿಗಳಿಗೇ ಮೀಸಲಿಟ್ಟಿತು. ನಿಯಮಗಳ ಮಾತು ಬಹಳ ನಡೆದಿದೆ. ಪಂಜರವು ಈ ದೇಶದ ಮೊಟ್ಟೆಯ ವ್ಯಾಪಾರದಲ್ಲಿ ಪ್ರಧಾನವಾದ ಸಾಧನವಾಗಿಯೇ ಉಳಿದಿದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳದೆ ಮುಂದುವರಿಯುವುದು ಅಪ್ರಾಮಾಣಿಕತೆಯಾಗುತ್ತದೆ. ನಮ್ಮ ದೇಶದಲ್ಲಿ ಮಾಂಸವನ್ನು ತಿನ್ನದಿರುವುದು ಅನೇಕ ವೇಳೆ ಪ್ರಾಣಿಯ ಮೇಲಿನ ದಯೆಯಿಂದಲ್ಲ, ಮನುಷ್ಯರ ನಡುವಣ ಮೇಲುಕೀಳಿನಿಂದ ಹುಟ್ಟಿದ ಆಚಾರ. ಮೈಲಿಗೆಯ ಭಾವನೆಯು ತಿನ್ನುವವನನ್ನು ನೋಡುತ್ತದೆ, ತಿನ್ನಲ್ಪಡುವ ಪ್ರಾಣಿಯನ್ನು ನೋಡುವುದಿಲ್ಲ. ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆಯನ್ನು ಕೊಡತೊಡಗಿದಾಗ, 2021ರಿಂದ ಈಚೆಗೆ, ಎದ್ದ ವಿವಾದವನ್ನು ನಾನು ಶ್ರದ್ಧೆಯಿಂದ ಓದಿದೆನು. ಮಕ್ಕಳ ಪಂಕ್ತಿಯು ಕೆಡುತ್ತದೆಂದು ಕೆಲವರು ಹೇಳಿದರು. ಮಕ್ಕಳ ಅಪೌಷ್ಟಿಕತೆಯು ನೀಗುತ್ತದೆಂದು ಮತ್ತೆ ಕೆಲವರು ಹೇಳಿದರು. ಎರಡನೆಯವರ ಮಾತೇ ನ್ಯಾಯವಾದುದೆಂದು ನನ್ನ ಅಭಿಪ್ರಾಯ. ರಕ್ತಹೀನಳಾದ ಬಡಹುಡುಗಿಯ ತಟ್ಟೆಯಿಂದ ಮೊಟ್ಟೆಯನ್ನು ಕಸಿದು ಕರುಣೆಯನ್ನು ಸಾಧಿಸುವೆನೆಂಬುದು ಕರುಣೆಯ ವಿಡಂಬನೆ. ಆದರೆ ನಾನು ಓದಿದಷ್ಟರಲ್ಲಿ ಎರಡು ಪಕ್ಷದವರೂ ಕೋಳಿಯ ಮಾತನ್ನೆತ್ತಲಿಲ್ಲ. ಇನ್ನು ಹಾಲಿನ ಮಾತು. ಪಾತ್ರೆಯೊಳಗಿನ ಹಾಲು ಯಾವ ಕರುವಿಗಾಗಿ ತಾಯಿಯ ಕೆಚ್ಚಲಿನಲ್ಲಿ ಇಳಿಯಿತೋ ಆ ಗಂಡುಕರುವು ಈಗ ಎಲ್ಲಿದೆಯೆಂದು ಕೇಳಿಕೊಳ್ಳದ ಶಾಕಾಹಾರಿಯು ಕುರಿಯನ್ನು ಕಡಿದು ಹಬ್ಬಮಾಡುವವನನ್ನು ಜರೆಯುವ ಅಧಿಕಾರವನ್ನು ಹೊಂದಿಲ್ಲ. ವರ್ಷಕ್ಕೊಮ್ಮೆ ಹಬ್ಬದ ದಿನ ತಾನೇ ಸಾಕಿದ ನಾಟಿ ಕೋಳಿಯನ್ನು ಕೊಯ್ಯುವ ಕೂಲಿಯವನ ಮನೆಯ ಹಿಂಸೆಗೂ, ನಗರದ ಭೋಜನಾಲಯಗಳಿಗೆ ದಿನವೂ ಸರಬರಾಜಾಗುವ ಹಿಂಸೆಗೂ ಪರಿಮಾಣದಲ್ಲಿ ಮಾತ್ರವಲ್ಲ, ಬಗೆಯಲ್ಲಿಯೇ ಭೇದವಿದೆ.

ಗಿಡಗಳಿಗೂ ಜೀವವುಂಟಲ್ಲ, ಅವನ್ನೇಕೆ ತಿನ್ನುವಿರಿ ಎಂಬ ಆಕ್ಷೇಪಣೆಯು ಪ್ರಸಿದ್ಧವಾದುದು. ನೋವನ್ನು ಗ್ರಹಿಸುವ ನರಮಂಡಲವು ಗಿಡಗಳಿಗಿಲ್ಲ; ಇದ್ದಿದ್ದರೂ, ಒಂದು ಕಿಲೋ ಮಾಂಸಕ್ಕೆ ಹಲವು ಕಿಲೋ ಕಾಳು ಬೇಕಾಗುವುದರಿಂದ ಆ ವಾದವು ಮಾಂಸದ ಪರವಾಗಿ ನಿಲ್ಲುವುದಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪಣೆಯೆಂದರೆ, ತನ್ನವರನ್ನು ಹೆಚ್ಚಾಗಿ ಪ್ರೀತಿಸುವುದು ಸ್ವಾಭಾವಿಕವಲ್ಲವೆ, ಹುಲಿಯು ಹುಲಿಯ ಮರಿಯನ್ನೇ ಸಲಹುವಂತೆ ಮನುಷ್ಯನು ಮನುಷ್ಯನನ್ನೇ ಸಲಹಬಾರದೆ ಎಂಬುದು. ಸಲಹಬಹುದು, ಸಲಹಬೇಕು. ಬೆಂಕಿ ಬಿದ್ದ ಮನೆಯಿಂದ ಮಗುವನ್ನು ಮೊದಲು ಎತ್ತಿಕೊಂಡು ಬಂದವನನ್ನು ಯಾರೂ ದೂರರು. ಆದರೆ ಮಗುವನ್ನು ಉಳಿಸುವ ಪ್ರೀತಿಯಿಂದ, ಕೋಳಿಯ ಪಾಲಿನ ನೆಲವನ್ನು ಕಾಗದದ ಹಾಳೆಗಿಂತ ಕಿರಿದುಮಾಡುವ ಅಧಿಕಾರವು ಹುಟ್ಟುವುದಿಲ್ಲ. ಅಲ್ಲಿ ಪ್ರಾಣದೊಡನೆ ಪ್ರಾಣವನ್ನು ತೂಗುತ್ತಿರುವುದಿಲ್ಲ. ಮೊಟ್ಟೆಗೆ ಕೆಲವು ಪೈಸೆಗಳ ಉಳಿತಾಯದೊಡನೆ ಒಂದು ಪೂರ್ತಿ ಬದುಕನ್ನು ತೂಗುತ್ತಿದ್ದೇವೆ.

ಬೇರೆ ದೇಶಗಳಲ್ಲಿ ಈ ತೂಕವು ಸ್ವಲ್ಪ ಬದಲಾಗಿದೆ. ಸ್ವಿಟ್ಜರ್ಲೆಂಡು 1992ರ ಹೊತ್ತಿಗೆ ಪಂಜರವನ್ನು ತೊರೆಯಿತು. ಯೂರೋಪಿನ ಒಕ್ಕೂಟವು 1999ರಲ್ಲಿ ಆದೇಶವನ್ನು ಹೊರಡಿಸಿ, ಹನ್ನೆರಡು ವರ್ಷಗಳ ಗಡುವನ್ನು ಕೊಟ್ಟು, 2012ರ ಜನವರಿಯಿಂದ ಹಳೆಯ ಬಗೆಯ ಪಂಜರವನ್ನು ನಿಷೇಧಿಸಿತು. ಜರ್ಮನಿಯು 2022ರ ಮೊದಲ ದಿನದಿಂದ ಗಂಡುಮರಿಗಳ ಸಾಮೂಹಿಕ ವಧೆಯನ್ನು ನಿಲ್ಲಿಸಿತು. ಮೊಟ್ಟೆಯೊಳಗಿರುವಾಗಲೇ ಲಿಂಗವನ್ನು ತಿಳಿಯುವ ಉಪಕರಣಗಳು ಅಲ್ಲಿನ ಹ್ಯಾಚರಿಗಳಲ್ಲಿ ಬಂದಿವೆ. ಅಲ್ಲಿಯ ಜನರು ಮೊಟ್ಟೆಯನ್ನು ತಿನ್ನುವುದನ್ನು ಬಿಡಲಿಲ್ಲ, ಅಲ್ಲಿಯ ರೈತರು ಬೀದಿಗೆ ಬೀಳಲಿಲ್ಲ.

ನಮ್ಮಲ್ಲಿ ಬದಲಾವಣೆಯು ಉಪದೇಶದಿಂದ ಬರುತ್ತದೆಂದು ನನಗೆ ನಂಬಿಕೆಯಿಲ್ಲ. ಅಡುಗೆಮನೆಗಳ ಮೇಲೆ ಕಾವಲಿಡುವ ಗುಂಪುಗಳಿಂದಂತೂ ಬರಕೂಡದು. ಆದರೆ ಈ ರಾಜ್ಯದಲ್ಲಿ ಮೊಟ್ಟೆಯನ್ನು ಕೊಳ್ಳುವವರಲ್ಲಿ ಶಾಲೆ ಅಂಗನವಾಡಿಗಳ ಮೂಲಕ ಸರಕಾರವೇ ಈಗ ಅತಿ ದೊಡ್ಡ ಗಿರಾಕಿಗಳಲ್ಲೊಂದಾಗಿದೆ. ಹಳ್ಳಿಗಳಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. ಹಿತ್ತಿಲಿನಲ್ಲಿ ಬಿಟ್ಟು ಸಾಕುವುದಕ್ಕೆ ತಕ್ಕದಾದ ‘ಗಿರಿರಾಜ’ದಂತಹ ತಳಿಯನ್ನು ಹೆಬ್ಬಾಳದ ಪಶುವೈದ್ಯ ಕಾಲೇಜಿನವರೇ ಬೆಳೆಸಿಕೊಟ್ಟಿದ್ದಾರೆ. ಶಾಲೆಯ ಮಕ್ಕಳ ಮೊಟ್ಟೆಯಲ್ಲಿ ವರ್ಷವರ್ಷಕ್ಕೆ ಏರುವ ಒಂದು ಪಾಲು ಪಂಜರವಿಲ್ಲದ ಕೋಳಿಗಳಿಂದಲೇ, ಸಾಧ್ಯವಾದಲ್ಲಿ ಆಯಾ ಊರಿನ ಹೆಂಗಸರ ಹಿತ್ತಿಲಿನಿಂದಲೇ, ಬರತಕ್ಕದ್ದೆಂಬ ಒಂದು ಷರತ್ತನ್ನು ಸರಬರಾಜಿನ ಟೆಂಡರಿನಲ್ಲಿ ಸೇರಿಸಿ, ಅದಕ್ಕೆ ತಗಲುವ ಹೆಚ್ಚಿನ ಪೈಸೆಗಳನ್ನು ಆಯವ್ಯಯದಲ್ಲಿ ಕಾಣಿಸಿದರೆ, ಮಗುವಿಗೆ ಪುಷ್ಟಿಯೂ ಕೂಲಿಯವಳಿಗೆ ಸಂಪಾದನೆಯೂ ಒಟ್ಟಿಗೆ ದೊರೆಯುತ್ತವೆ. ಅದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಸಂವಿಧಾನಪೀಠವೂ ಬೇಕಿಲ್ಲ. ಶಿಕ್ಷಣ ಇಲಾಖೆಯ ಒಂದು ಸುತ್ತೋಲೆಯೂ ಆಯವ್ಯಯದ ಒಂದು ಸಾಲೂ ಸಾಕು. ಮುಂದಿನ ಆಯವ್ಯಯಕ್ಕೆ ಮೊದಲು ತಮ್ಮ ಕ್ಷೇತ್ರದ ಶಾಸಕರನ್ನು ಕಂಡು ಇದನ್ನು ಕೇಳುವ ಓದುಗರು ಈ ಪತ್ರಿಕೆಗೆ ಇದ್ದಾರೆಂದು ನಾನು ನಂಬಿದ್ದೇನೆ.